ಅಜ್ಜಿಯ ಹೆಸರು ‘ಎಫ್‌ಎನ್‌ಯು’ ಅಲ್ಲ

ಮಗು ಹುಟ್ಟಿದ ಎರಡನೇ ದಿನ, ನಿದ್ದೆಗೆಟ್ಟು ಕಣ್ಣುರಿಯುತ್ತಿರುವಾಗ, ಆಸ್ಪತ್ರೆಯವರು ಒಂದು ಫಾರ್ಮ್ ತಂದುಕೊಟ್ಟದ್ದು ನಿಮಗೂ ನೆನಪಿರಬೇಕು. ಜನನ ಪ್ರಮಾಣಪತ್ರದ ಫಾರ್ಮ್. ಮನೆಗೆ ಹೊರಡುವ ಮುಂಚೆ ಮಗುವಿನ ಹೆಸರು ಬರೆದುಕೊಡಿ ಅನ್ನುತ್ತಾರೆ. ಊರಲ್ಲಾದರೆ ಹನ್ನೊಂದನೆಯದೋ ಹನ್ನೆರಡನೆಯದೋ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವವರೆಗೂ ಅದು ಬರೀ ‘ಪಾಪು’. ಇಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಫೋನಿನ ಆ ಕಡೆ ಅಜ್ಜಿ ತಾತ ಇನ್ನೂ ನಕ್ಷತ್ರ, ಪಾದ, ಅಕ್ಷರ ಅಂತ ಲೆಕ್ಕ ಹಾಕುತ್ತಿರುವಾಗಲೇ ನಾವು ಹೆಸರು ಬರೆದು ಸಹಿ ಹಾಕಿರುತ್ತೇವೆ.

ಅದೇ ಕಾಗದದಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕೇ? ಹೌದು ಅಂತ ಗುರುತು ಹಾಕಿದರೆ ಕೆಲವು ವಾರಗಳಲ್ಲಿ ಅಂಚೆಯಲ್ಲಿ ಕಾರ್ಡ್ ಬರುತ್ತದೆ. ಈ ಏರ್ಪಾಡು ಶುರುವಾದದ್ದು 1980ರ ದಶಕದ ಕೊನೆಯಲ್ಲಿ. ಮೊದಲು ಆ ಒಂಬತ್ತು ಅಂಕಿಗಳಲ್ಲಿ ಮೊದಲ ಮೂರನ್ನು ನೋಡಿದರೆ ಯಾವ ರಾಜ್ಯದಲ್ಲಿ ನಂಬರ್ ಕೊಟ್ಟರು ಅಂತ ಹೇಳಬಹುದಿತ್ತು. 318ರಿಂದ 361ರವರೆಗೆ ಇಲಿನಾಯ್, 362ರಿಂದ 386ರವರೆಗೆ ಮಿಶಿಗನ್. 2011ರ ಜೂನ್‌ನಿಂದ ಅಂಕಿಗಳನ್ನು ಕಲಸಿ ಕೊಡುತ್ತಾರೆ. ಹಾಗಾಗಿ ಇಲಿನಾಯ್‌ನಲ್ಲಿ ಹುಟ್ಟಿದ ನನ್ನ ಮಗಳ ನಂಬರಿಗೂ ಮಿಶಿಗನ್‌ನಲ್ಲಿ ಹುಟ್ಟಿದ ಮಗನ ನಂಬರಿಗೂ ಊರಿನ ವಾಸನೆ ಇಲ್ಲ.

ಹೆಸರು, ನಂಬರ್, ಹುಟ್ಟಿದ ದಿನ, ಇವುಗಳ ಜೊತೆ ಏಗುವುದೇ ನನ್ನ ಕೆಲಸ. ಶಿಕಾಗೊದಲ್ಲಿ ಪಿಎಚ್.ಡಿ. ಮುಗಿಸಿ, ನೇಪರ್‌ವಿಲ್‌ನಲ್ಲಿ ಕೆಲವು ವರ್ಷ ಇದ್ದು, ಈಗ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದೇವೆ. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಚದುರಿಹೋದ ದಾಖಲೆಗಳು ಒಬ್ಬರದೇ ಹೌದೋ ಅಲ್ಲವೋ ಅಂತ ಪತ್ತೆಹಚ್ಚುವ ಸಂಶೋಧನೆ ನನ್ನದು. ಎಲ್ಲರಿಗೂ ಆರೋಗ್ಯ ಸೇವೆ ಸಿಗಬೇಕು ಅನ್ನುವ ಮಾತು ಬಂದಾಗಲೆಲ್ಲ ನನ್ನ ವೃತ್ತಿಯವರು ಕೇಳುವ ಮೊದಲ ಪ್ರಶ್ನೆ, ‘ಎಲ್ಲರೂ ಅಂದರೆ ಯಾರು ಯಾರು, ಅವರನ್ನು ಗುರುತಿಸುವುದು ಹೇಗೆ’ ಅಂತ. ನಮ್ಮ ‘ಗುರುತು’ ಅನ್ನುವ ಮಾತು ಗಮನಿಸಿ. ‘ನನ್ನ ಗುರುತು ಸಿಕ್ತಾ?’ ಅಂತ ಹಳೇ ಸ್ನೇಹಿತೆ ಕೇಳುವುದೂ ಅದೇ, ‘ಗುರುತಿನ ಚೀಟಿ ತೋರಿಸಿ’ ಅಂತ ಕೌಂಟರಿನವರು ಕೇಳುವುದೂ ಅದೇ.

ಮೊದಲು ಮಗುವಿನ ವಿಷಯವನ್ನೇ ಮುಗಿಸುತ್ತೇನೆ. ಹೆಸರಿಡುವ ಮುಂಚೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ನಿಮ್ಮ ಮಗುವಿಗೆ ಏನೆಂದು ಹೆಸರಿತ್ತು? ಬಹಳ ಕಾಲ ಬಹುಪಾಲು ಆಸ್ಪತ್ರೆಗಳಲ್ಲಿ ‘ಬೇಬಿ ಗರ್ಲ್’ ಅಥವಾ ‘ಬೇಬಿ ಬಾಯ್’ ಜೊತೆಗೆ ಅಮ್ಮನ ಸರ್‌ನೇಮ್. ಒಂದೇ ವಾರ್ಡಿನಲ್ಲಿ ಹತ್ತು ‘ಬೇಬಿ ಬಾಯ್’ಗಳಿದ್ದರೆ ಒಬ್ಬನಿಗೆ ಬರೆದ ಔಷಧಿ ಇನ್ನೊಬ್ಬನ ಚೀಟಿಗೆ ಹೋಗುವ ಅಪಾಯ ಇರುತ್ತದೆ. ನ್ಯೂಯಾರ್ಕಿನ ವೈದ್ಯರು ಅಮ್ಮನ ಹೆಸರನ್ನೂ ಸೇರಿಸಿ, ‘ಸುಧಾಳ ಹುಡುಗಿ’ ಅನ್ನುವ ಹಾಗೆ ಬರೆಯಲು ಶುರುಮಾಡಿದಾಗ ಇಂಥ ತಪ್ಪು ಆದೇಶಗಳು ಶೇ. 36ರಷ್ಟು ಕಡಿಮೆಯಾದವು. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. 2019ರಿಂದ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಕೂಡ ಎಳೆಗೂಸುಗಳಿಗೆ ಬೇರೆ ಬೇರೆಯಾಗಿ ಕಾಣುವಂಥ ಹೆಸರೇ ಇರಬೇಕು ಅನ್ನುತ್ತಿದೆ. ನಮ್ಮ ಊರಿನ ಹೆಂಗಸರಿಗೆ ಇದು ಹೊಸದೇನಲ್ಲ. ಮಗುವಿಗೆ ಹೆಸರಿಡುವವರೆಗೂ ಅವರು ‘ಸುಧನ ಮಗು’ ಅಂತಲೇ ಕರೆಯುತ್ತಿದ್ದರು.

ಮಗುವಿಗೆ ಹೆಸರಿಟ್ಟ ಮೇಲಾದರೂ ನೆಮ್ಮದಿಯೇ ಅಂದರೆ, ಕನ್ನಡದ ಹೆಸರು ನೋಡಿ, ಅದು ಇಲ್ಲಿನ ಎರಡು ಖಾನೆಗಳಲ್ಲಿ ಕೂರುವುದಿಲ್ಲ. ಕುವೆಂಪು ಅವರ ಪೂರ್ತಿ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ಅವರ ಸ್ವಂತ ಹೆಸರು. ಇವತ್ತು ಅವರು ಡೆಟ್ರಾಯಿಟ್‌ನ ಯಾವುದಾದರೂ ಕ್ಲಿನಿಕ್‌ಗೆ ಬಂದಿದ್ದರೆ ನರ್ಸ್ ಬಾಗಿಲಲ್ಲಿ ನಿಂತು ‘ಕುಪ್ಪಳಿ?’ ಅಂತ ಕೂಗುತ್ತಿದ್ದಳು. ಮಕ್ಕಳಿಗೆ ‘ಪುಟ್ಟಪ್ಪ’ ಮನೆತನದ ಹೆಸರಾಗಿ ಅಂಟಿಕೊಂಡಿರುತ್ತಿತ್ತು. ನಮ್ಮ ಮನೆಗಳಲ್ಲಿ ಆಗಿರುವುದೂ ಇದೇ ತಾನೆ? ಅಪ್ಪನ ಹೆಸರು ಗಂಡನ ಸರ್‌ನೇಮ್ ಆಗಿ, ಅದೇ ಮೊಮ್ಮಗನಿಗೂ ಹೋಗಿ, ತಾತನ ಹೆಸರಿಡಿದು ಮೊಮ್ಮಗನನ್ನು ಶಾಲೆಯಲ್ಲಿ ಕೂಗುತ್ತಾರೆ.

ನನ್ನ ಮಗಳ ಹೆಸರು ಜ್ಞಾನವಿ. ‘ಜ್ಞ’ ಬರೆಯಲು ಇಂಗ್ಲಿಷಿನಲ್ಲಿ ಕೆಲವರು ಜಿ, ಎನ್ ಹಾಕುತ್ತಾರೆ, ಕೆಲವರು ಜೆ, ಎನ್. ಜನನ ಪ್ರಮಾಣಪತ್ರದಲ್ಲಿ ನಾವು ಕೊಟ್ಟದ್ದು ಜೆ. ಇಲಿನಾಯ್‌ನಲ್ಲಿದ್ದಾಗ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ಯಾರೋ ಜಿ ಅಂತ ಟೈಪ್ ಮಾಡಿದ್ದರು. ಹೆಸರುಗಳನ್ನು ಉಚ್ಚಾರಣೆಯ ಮೇಲೆ ಹೊಂದಿಸುವ ‘ಸೌಂಡೆಕ್ಸ್’ ಅನ್ನುವ ವಿಧಾನ ಒಂದಿದೆ, 1918ರಲ್ಲಿ ಪೇಟೆಂಟ್ ಆದದ್ದು. ಲಕ್ಷ್ಮಿ ಅನ್ನುವುದನ್ನು ಕೆ-ಎಸ್-ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಅದಕ್ಕೆ ಒಂದೇ ಅಂತ ಗೊತ್ತಾಗುತ್ತದೆ. ಆದರೆ ಅದು ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಜಿ ಮತ್ತು ಜೆ ಅದರ ಲೆಕ್ಕದಲ್ಲಿ ಎಂದೂ ಸೇರುವುದಿಲ್ಲ. ಇಲಿನಾಯ್‌ನ ಲಸಿಕೆ ದಾಖಲೆ ಇರುವುದು ಐ-ಕೇರ್‌ನಲ್ಲಿ, ಮಿಶಿಗನ್‌ನದು ಎಂಸಿಐಆರ್‌ನಲ್ಲಿ. ಎರಡು ರಾಜ್ಯ, ಎರಡು ಪುಸ್ತಕ, ಒಂದರಲ್ಲಿ ಜಿ, ಒಂದರಲ್ಲಿ ಜೆ. ಕಿಂಡರ್‌ಗಾರ್ಟನ್ ಸೇರಿಸುವಾಗ ನಮ್ಮ ಹುಡುಗಿ ಲಸಿಕೆಯೇ ಹಾಕಿಸಿಕೊಂಡಿಲ್ಲ ಅಂತ ಶಾಲೆಯಿಂದ ಪತ್ರ ಬಂತು. ಹಳೇ ಕ್ಲಿನಿಕ್‌ನ ಕಾಗದ ಫೈಲಿನಲ್ಲಿ ಇದ್ದದ್ದರಿಂದ ಬಚಾವಾದೆವು. ನೀವು ಶಿಕಾಗೊದಿಂದ ಡೆಟ್ರಾಯಿಟ್‌ಗೋ ಡೆಟ್ರಾಯಿಟ್‌ನಿಂದ ಇನ್ನೆಲ್ಲಿಗೋ ಮನೆ ಬದಲಾಯಿಸುವಾಗ ಪಾತ್ರೆ ಪಗಡೆ ಕಟ್ಟುವ ಮುಂಚೆ ಲಸಿಕೆಯ ದಾಖಲೆ ಮುದ್ರಿಸಿ ತನ್ನಿ.

ಇದು ತಮಾಷೆಯ ಮಟ್ಟದಲ್ಲೇ ಮುಗಿಯಿತು. ಅಮ್ಮನ ವಿಷಯ ಹಾಗಿರಲಿಲ್ಲ.

ಅಮ್ಮ ತಿಪಟೂರಿನವರು. ಹೆಸರು ಸಾವಿತ್ರಮ್ಮ, ಅಷ್ಟೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರಿಗೆ ಅಮೆರಿಕದ ವೀಸಾ ಕೊಡುವಾಗ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಹುಟ್ಟಿದ ದಿನ ಜನವರಿ 1. ನಮ್ಮ ಹಿರಿಯರಲ್ಲಿ ಎಷ್ಟು ಜನ ಜನವರಿ 1ರಂದು ಹುಟ್ಟಿದ್ದಾರೆ ಅಂತ ಒಮ್ಮೆ ನಿಮ್ಮ ಮನೆಯಲ್ಲೇ ಎಣಿಸಿ ನೋಡಿ. ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದವರಿಗೆಲ್ಲ ಸರ್ಕಾರಿ ಕಾಗದದಲ್ಲಿ ಅದೇ ಹುಟ್ಟುಹಬ್ಬ.

ಎರಡು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದಾಗ ಅಮ್ಮನಿಗೆ ಕಾಲಿನಲ್ಲಿ ಗಾಯವಾಗಿ ಕೀವು ತುಂಬಿ ಜ್ವರ ಬಂತು. ಅರ್ಜೆಂಟ್ ಕೇರ್‌ಗೆ ಕರೆದುಕೊಂಡು ಹೋದೆ. ಶನಿವಾರ, ಇಬ್ಬರು ಮಕ್ಕಳೂ ಜೊತೆಗೆ. ನರ್ಸ್ ಬಂದು ‘ಫ್ನೂ? ಫ್ನೂ?’ ಅಂತ ಕರೆದಳು. ಅಮ್ಮ ಆರಾಮಾಗಿ ಟಿವಿ ನೋಡುತ್ತಾ ಕೂತಿದ್ದರು. ಎಂಟು ವರ್ಷದ ಮಗಳು ಎದ್ದು ಹೋಗಿ, ‘ಅವರ ಹೆಸರು ಫ್ನೂ ಅಲ್ಲ, ಸಾವಿತ್ರಮ್ಮ’ ಅಂತ ಇಂಗ್ಲಿಷಿನಲ್ಲಿ ಹೇಳಿ, ವಾಪಸು ಬಂದು, ‘ಅಜ್ಜಿ, ಬಾ, ನಿನ್ನನ್ನೇ ಕರೀತಿರೋದು’ ಅಂದಳು. ಒಳಗೆ ನರ್ಸ್ ಪರದೆ ನೋಡುತ್ತಾ ರಕ್ತ ತೆಳು ಮಾಡುವ ಮಾತ್ರೆ ಇವತ್ತು ತಗೊಂಡಿದ್ದಾರಾ ಅಂತ ಕೇಳಿದಳು. ಅಮ್ಮ ಅಂಥ ಮಾತ್ರೆ ಜನ್ಮದಲ್ಲಿ ತಗೊಂಡವರಲ್ಲ. ಆಮೇಲೆ, ಯಾವ ಔಷಧಿಯ ಅಲರ್ಜಿಯೂ ಇಲ್ಲ ಅಲ್ಲವಾ ಅಂದಳು. ಅಷ್ಟು ಹೊತ್ತಿಗೆ ಅಮ್ಮ ಕನ್ನಡದಲ್ಲೇ, ‘ಪೆನ್ಸಿಲಿನ್ ಆಗಲ್ಲ ನಂಗೆ, ಮೊದಲೇ ಹೇಳಿಬಿಡು’ ಅಂತ ನನ್ನ ಕೈ ಅದುಮಿದರು. ಪರದೆಯ ಮೇಲಿದ್ದದ್ದು ಅದೇ ಜಾಲದ ಇನ್ನೊಂದು ಶಾಖೆಗೆ ಹೋಗಿದ್ದ ಮತ್ತೊಬ್ಬ ‘ಎಫ್‌ಎನ್‌ಯು’ ಅವರ ದಾಖಲೆ. ಅವರೂ ಜನವರಿ 1ರವರು, ಅದೇ ವರ್ಷ. ಸರ್‌ನೇಮ್ ಬೇರೆ ಇತ್ತು, ಯಾರೂ ನೋಡಿರಲಿಲ್ಲ. ಕೀವಾದ ಗಾಯಕ್ಕೆ ಬರೆಯುವ ಆಂಟಿಬಯಾಟಿಕ್‌ಗಳಲ್ಲಿ ಎಷ್ಟೋ ಪೆನ್ಸಿಲಿನ್ ಕುಟುಂಬದವೇ ಅನ್ನುವುದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಮಗಳು ಆವತ್ತು ಮುಂದೆ ಹೋಗಿ ಮಾತಾಡಿದ್ದು ನೋಡಿ ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಎರಡು ಭಾಷೆ ಕಲಿಸಿದ್ದಕ್ಕೂ ಸಾರ್ಥಕ ಅನ್ನಿಸಿತು. ಆದರೆ ತುರ್ತು ಸಂದರ್ಭ ಬಿಟ್ಟರೆ ಚಿಕ್ಕ ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಅಂತ ಇಲ್ಲಿನ ಆರೋಗ್ಯ ನಿಯಮವೇ ಇದೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಫೋನಿನಲ್ಲಿ ಕನ್ನಡದವರು ಸಿಗುತ್ತಾರೆ, ಕೇಳಿ. ಅಜ್ಜಿಗೆ ಕ್ಯಾನ್ಸರ್ ಇರಬಹುದು ಅನ್ನುವ ಮಾತನ್ನು ಕನ್ನಡಕ್ಕೆ ತಿರುಗಿಸುವ ಭಾರ ಎಂಟು ವರ್ಷದವಳ ಮೇಲೆ ಬೀಳಬಾರದು.

ಒಬ್ಬೊಬ್ಬರಿಗೂ ಒಂದು ಆರೋಗ್ಯ ನಂಬರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಲ್ಲವೇ ಅಂತ ನೀವು ಕೇಳಬಹುದು. ಅಮೆರಿಕ ಇದನ್ನು ಯೋಚಿಸದೆ ಇಲ್ಲ. 1996ರ ಹಿಪ್ಪಾ ಕಾನೂನಿನಲ್ಲೇ ಪ್ರತಿಯೊಬ್ಬರಿಗೂ ಇಂಥ ನಂಬರ್ ಕೊಡಬೇಕೆಂದು ಬರೆದಿತ್ತು. ಎರಡೇ ವರ್ಷದಲ್ಲಿ ಕಾಂಗ್ರೆಸ್, ಅದಕ್ಕಾಗಿ ಆರೋಗ್ಯ ಇಲಾಖೆ ದುಡ್ಡು ಖರ್ಚು ಮಾಡಕೂಡದು ಅಂತ ತಡೆ ಹಾಕಿತು. ಎಲ್ಲರ ಖಾಸಗಿ ವಿವರವೂ ಸರ್ಕಾರದ ಕೈಗೆ ಹೋಗುತ್ತದೆ ಅನ್ನುವ ಭಯ. ಹಾಗಾದರೆ ಸೋಶಿಯಲ್ ಸೆಕ್ಯುರಿಟಿ ನಂಬರನ್ನೇ ಬಳಸಬಾರದೇಕೆ? 1936ರಲ್ಲಿ ಪಿಂಚಣಿ ಲೆಕ್ಕಕ್ಕೆ ಅಂತ ಹುಟ್ಟಿದ ನಂಬರ್ ಅದು. 1946ರಿಂದ 1972ರವರೆಗೆ ಆ ಕಾರ್ಡಿನ ಮೇಲೆ ‘ಇದು ಗುರುತಿಗಾಗಿ ಅಲ್ಲ’ ಅಂತಲೇ ಅಚ್ಚು ಹಾಕಿರುತ್ತಿತ್ತು. ಯಾರು ಕೇಳಿದರು? ಎಲ್ಲರೂ ಗುರುತಿಗೇ ಬಳಸಿದರು, ಕಳ್ಳರೂ ಸೇರಿ. ಕೊನೆಗೆ 2018–19ರಲ್ಲಿ ಮೆಡಿಕೇರ್ ಕಾರ್ಡಿನಿಂದ ಅದನ್ನು ತೆಗೆದು, 11 ಅಕ್ಷರ-ಅಂಕಿಗಳ ಬೇರೆ ನಂಬರ್ ಕೊಟ್ಟರು. ಎಚ್-4 ವೀಸಾದಲ್ಲಿ ಬಂದ ನಮ್ಮ ಹೆಣ್ಣುಮಕ್ಕಳಿಗಂತೂ ವರ್ಷಗಟ್ಟಲೆ ಆ ನಂಬರೇ ಇರುತ್ತಿರಲಿಲ್ಲ. ಬಸುರಿಯಾಗಿ ಮೊದಲ ಸಲ ಕ್ಲಿನಿಕ್‌ಗೆ ಹೋದಾಗ ಆ ಖಾನೆಯ ಮುಂದೆ ಪೆನ್ನು ಹಿಡಿದು ಕೂತದ್ದು ನಿಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರುತ್ತದೆ.

ನಂಬರ್ ಚೆನ್ನಾಗಿ ಕೆಲಸ ಮಾಡಿದ ದೇಶಗಳೂ ಇವೆ. ಥಾಯ್ಲೆಂಡ್ 2002ರಲ್ಲಿ ಎಲ್ಲ ನಾಗರಿಕರಿಗೂ ಆರೋಗ್ಯ ಸೇವೆಯ ಕಾನೂನು ತಂದಾಗ ಅಲ್ಲಿ ಪ್ರತಿ ನಾಗರಿಕರಿಗೂ 13 ಅಂಕಿಯ ನಂಬರ್ ಮೊದಲೇ ಇತ್ತು. ಸರ್ಕಾರಿ ನೌಕರರು, ಕಂಪನಿ ವಿಮೆ ಇರುವವರನ್ನು ಆ ಪಟ್ಟಿಯಲ್ಲಿ ಗುರುತಿಸಿ ಬದಿಗಿಟ್ಟು, ಉಳಿದವರೆಲ್ಲರೂ ಹೊಸ ಯೋಜನೆಯಲ್ಲಿ ಇದ್ದಾರೆ ಅಂದುಬಿಟ್ಟರು. ನಾನು ಬಡವ, ನಾನು ಅರ್ಹ ಅಂತ ಯಾರೂ ಹೋಗಿ ಸಾಬೀತು ಮಾಡಬೇಕಾಗಿರಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದವರು, ಅಂದರೆ ಯಾವ ದೇಶದ ಪೌರತ್ವವೂ ಇಲ್ಲದ ಗುಡ್ಡಗಾಡಿನವರು, ಗಡಿಯವರು, ಹೊರಗೇ ಉಳಿದರು. ಅಂಥ ಸುಮಾರು ನಾಲ್ಕೂವರೆ ಲಕ್ಷ ಜನರಿಗೆ ಬೇರೆ ನಿಧಿ ಮಾಡಿದ್ದು 2010ರಲ್ಲಿ.

ಈಗ ನಮ್ಮ ಕಡೆಗೆ ಬರುತ್ತೇನೆ. ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಶುರುವಾಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ. ಕಾಗದದ ಮೇಲೆ ಇದು ಅಮೆರಿಕ ಇವತ್ತಿಗೂ ಮಾಡದ ಕೆಲಸ. ಇಡೀ ರಾಜ್ಯಕ್ಕೆ ಒಂದು ಯೋಜನೆ, ಒಳಗೆ ಬರಲು ಬೇಕಾದ್ದು ರೇಷನ್ ಕಾರ್ಡ್ ಮತ್ತು ಆಧಾರ್. ಎಷ್ಟೋ ಬಡ ಮನೆಗಳಲ್ಲಿ ಹೃದಯದ ಆಪರೇಷನ್ನು, ಡಯಾಲಿಸಿಸ್ಸು ಸಾಲವಿಲ್ಲದೆ ಆಗಿದ್ದು ಇದರಿಂದಲೇ. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ತುಮಕೂರು ಜಿಲ್ಲಾ ಆಸ್ಪತ್ರೆ ಅಂದರೆ ನಮ್ಮ ತಿಪಟೂರು ಕಡೆಯವರಿಗೆ ‘ದೊಡ್ಡಾಸ್ಪತ್ರೆ’. 2022ರ ನವೆಂಬರ್ ಮೊದಲ ವಾರ, ತುಂಬು ಗರ್ಭಿಣಿಯೊಬ್ಬಳು ಹೆರಿಗೆ ನೋವಿನಲ್ಲಿ ಅಲ್ಲಿಗೆ ಹೋದಳು. ತಮಿಳುನಾಡಿನಿಂದ ಬಂದು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವಳು. ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ಅವಳನ್ನು ದಾಖಲು ಮಾಡಿಕೊಳ್ಳಲಿಲ್ಲ ಎಂದು ಪತ್ರಿಕೆಗಳೆಲ್ಲ ವರದಿ ಮಾಡಿದವು. ತಾಯಿ ಕಾರ್ಡ್ ಅಂದರೆ ಬಸುರಿಯ ತಪಾಸಣೆ, ಚುಚ್ಚುಮದ್ದುಗಳನ್ನು ಬರೆದಿಡುವ ಪುಸ್ತಕ, ನಿಮ್ಮ ಅಕ್ಕತಂಗಿಯರು ನೋಡಿರುತ್ತಾರೆ. ಅವಳು ಮನೆಗೆ ಮರಳಿದಳು. ಮನೆಯಲ್ಲೇ ಹೆರಿಗೆಯಾಯಿತು, ಅವಳಿ ಮಕ್ಕಳು. ತಾಯಿಯೂ ಉಳಿಯಲಿಲ್ಲ, ಎರಡು ಕೂಸುಗಳೂ ಉಳಿಯಲಿಲ್ಲ. ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ತುಮಕೂರಿಗೆ ಬಂದರು, ವೈದ್ಯೆ ಮತ್ತು ನರ್ಸ್‌ಗಳು ಅಮಾನತಾದರು, ತುರ್ತು ಚಿಕಿತ್ಸೆಗೆ ಯಾವ ದಾಖಲೆಯನ್ನೂ ಕೇಳಬಾರದು ಅಂತ ಸೂಚನೆ ಹೊರಟಿತು.

ನಾನು ಆ ಸುದ್ದಿ ಓದಿದ್ದು ಕ್ಯಾಂಟನ್‌ನ ಅಡುಗೆಮನೆಯಲ್ಲಿ ನಿಂತು. ಮಗನಿಗೆ ಆಗ ಆರು ತಿಂಗಳು. ಆ ಹೆಂಗಸು ನಮ್ಮ ಹಾಗೇ ಊರು ಬಿಟ್ಟು ಬಂದವಳು, ಮನೆಮಾತು ಬೇರೆ, ಕೇಳಿದ ಕಾಗದ ಕೈಯಲ್ಲಿಲ್ಲ. ನಮಗೂ ಅವಳಿಗೂ ಇರುವ ವ್ಯತ್ಯಾಸ ವಿಮೆಯ ಕಾರ್ಡು, ಜೊತೆಗೆ ಜಗಳವಾಡುವಷ್ಟು ಇಂಗ್ಲಿಷು. ಒಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ತಾಯಿ ಕಾರ್ಡಿನ ಉದ್ದೇಶ ಒಳ್ಳೆಯದೇ. ಅವಳ ರಕ್ತದೊತ್ತಡ ಎಷ್ಟಿತ್ತು, ಹೊಟ್ಟೆಯಲ್ಲಿ ಅವಳಿಯೇ ಅಂತ ವೈದ್ಯರಿಗೆ ತಕ್ಷಣ ತಿಳಿಯಲಿ ಅಂತ ಮಾಡಿದ್ದು. ಹಾಸಿಗೆಯ ಪಕ್ಕದಲ್ಲಿ ನೆರವಾಗಬೇಕಿದ್ದ ಪುಸ್ತಕ ಬಾಗಿಲಲ್ಲಿ ಟಿಕೆಟ್ ಆಯಿತು. ನನ್ನ ವೃತ್ತಿಯವರು ಕೂತು ರೂಪಿಸುವ ಪ್ರತಿ ನಂಬರಿಗೂ ಈ ಅಪಾಯ ಇದೆ. ಅದನ್ನು ಒಳಗೆ ಕೇಳುತ್ತಾರೋ ಬಾಗಿಲಲ್ಲಿ ಕೇಳುತ್ತಾರೋ ಅನ್ನುವುದು ತಂತ್ರಜ್ಞಾನದ ಪ್ರಶ್ನೆಯೇ ಅಲ್ಲ, ಆ ಹೊತ್ತಿಗೆ ಕೌಂಟರಿನಲ್ಲಿ ಕೂತವರಿಗೆ ಯಾವುದಕ್ಕೆ ಶಿಕ್ಷೆಯಾಗುತ್ತದೆ ಅನ್ನುವುದರ ಪ್ರಶ್ನೆ. ಕಾರ್ಡಿಲ್ಲದವರನ್ನು ಸೇರಿಸಿಕೊಂಡರೆ ಬೈಗುಳ, ವಾಪಸು ಕಳಿಸಿದರೆ ಯಾರೂ ಕೇಳುವುದಿಲ್ಲ ಅಂತಿದ್ದರೆ ಎಂಥ ಒಳ್ಳೆಯ ನಂಬರೂ ಬಾಗಿಲಿಗೇ ಬಂದು ನಿಲ್ಲುತ್ತದೆ.

ಈ ದೇಶದಲ್ಲಿ ಇದನ್ನು ಬದಲಾಯಿಸಿದ್ದು ಶಿಕಾಗೊದ ಒಂದು ಸರ್ಕಾರಿ ಆಸ್ಪತ್ರೆಯ ವೈದ್ಯರು. 1980ರ ದಶಕದಲ್ಲಿ ಅಲ್ಲಿನ ಖಾಸಗಿ ಆಸ್ಪತ್ರೆಗಳು ವಿಮೆ ಇಲ್ಲದ ರೋಗಿಗಳನ್ನು ಕುಕ್ ಕೌಂಟಿ ಆಸ್ಪತ್ರೆಗೆ ಸಾಗಹಾಕುತ್ತಿದ್ದವು. ಅಲ್ಲಿನ ಯುವ ವೈದ್ಯರು ಹಾಗೆ ಬಂದ 467 ರೋಗಿಗಳ ಲೆಕ್ಕ ಇಟ್ಟರು. ಶೇ. 87 ಜನರನ್ನು ಕಳಿಸಿದ ಕಾರಣ ವಿಮೆ ಇಲ್ಲ ಅನ್ನುವುದು. ಶೇ. 24 ಜನ ಸಾಗಿಸುವ ಸ್ಥಿತಿಯಲ್ಲೇ ಇರಲಿಲ್ಲ. ಕಾಗದದ ಮೇಲೆ ಒಪ್ಪಿಗೆ ಕೊಟ್ಟಿದ್ದವರು ಶೇ. 6 ಮಾತ್ರ. 1986ರ ಫೆಬ್ರುವರಿಯಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು, ಅದೇ ವರ್ಷ ಎಮ್ಟಾಲಾ ಅನ್ನುವ ಕಾನೂನು ಬಂತು. ಮೆಡಿಕೇರ್ ಹಣ ಪಡೆಯುವ ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರು ಬಂದರೂ, ವಿಮೆ, ವೀಸಾ, ನಂಬರ್ ಏನೇ ಇಲ್ಲದಿದ್ದರೂ, ಮೊದಲು ಪರೀಕ್ಷೆ ಮಾಡಿ ಸ್ಥಿತಿ ಸುಧಾರಿಸಬೇಕು. ಹೆರಿಗೆ ನೋವು ಬಂದವರ ಮಾತಂತೂ ಕಾನೂನಿನಲ್ಲಿ ಬಿಡಿಸಿಯೇ ಬರೆದಿದೆ. ಮುರಿದರೆ ಆಸ್ಪತ್ರೆಗೂ ವೈದ್ಯರಿಗೂ ದಂಡ. ಬಿಲ್ಲು ಆಮೇಲೆ ಬರುತ್ತದೆ, ಎದೆ ಒಡೆಯುವಷ್ಟು ದೊಡ್ಡದಾಗಿಯೇ ಬರುತ್ತದೆ, ಅದು ಬೇರೆ ಕಥೆ.

ಹಾಗಂತ ಇಲ್ಲಿ ಬಾಗಿಲಲ್ಲಿ ಕಾಗದ ಕೇಳುವುದು ನಿಂತಿದೆ ಅಂತಲ್ಲ. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದೂರ ಫ್ಲಿಂಟ್. 2014ರಲ್ಲಿ ನೀರಿನ ಮೂಲ ಬದಲಾಯಿಸಿ, ಕೊಳವೆಯ ಸೀಸ ಮಕ್ಕಳ ಹೊಟ್ಟೆ ಸೇರಿತು. 2016ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಬಾಟಲಿ ನೀರು ಹಂಚುವಾಗ, ಕೆಲವು ಕಡೆ ಗುರುತಿನ ಚೀಟಿ ಕೇಳಿದರೆಂದೂ ಕಾಗದವಿಲ್ಲದ ವಲಸಿಗರು ಬರಿಗೈಯಲ್ಲಿ ಮರಳಿದರೆಂದೂ ವರದಿಯಾಯಿತು. ಇಂಗ್ಲಿಷ್ ಬಾರದ ಮನೆಗಳಿಗೆ ನೀರು ವಿಷ ಅನ್ನುವ ಸುದ್ದಿಯೇ ತಡವಾಗಿ ತಲುಪಿತ್ತು. ಚೀಟಿ ಬೇಕಿಲ್ಲ ಅಂತ ಅಧಿಕಾರಿಗಳು ಆಮೇಲೆ ಸ್ಪಷ್ಟಪಡಿಸಿದರು. ಶಿಕಾಗೊ ನಗರಸಭೆ 2017ರಲ್ಲಿ ಒಪ್ಪಿದ ‘ಸಿಟಿಕೀ’ ಕಾರ್ಡ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಊರಿನಲ್ಲಿ ವಾಸವಿದ್ದರೆ ಸಾಕು, ಕಾರ್ಡ್ ಕೊಡುತ್ತಾರೆ, ಶುರುವಿನಲ್ಲಿ ತೋರಿಸಿದ ಕಾಗದಗಳ ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ಇಲಿನಾಯ್ 2006ರಲ್ಲಿ ‘ಆಲ್ ಕಿಡ್ಸ್’ ಶುರುಮಾಡಿದಾಗಲೂ ವೀಸಾ ಸ್ಥಿತಿ ಏನೇ ಇರಲಿ, ಮಗು ಅಂದರೆ ಮಗು ಅಂತ ವಿಮೆ ಕೊಟ್ಟಿತು.

ಆಧಾರ್ ಬಗ್ಗೆ ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆಧಾರ್‌ನ ಮೊದಲ ಅಧ್ಯಕ್ಷ ನಂದನ್ ನಿಲೇಕಣಿಯವರೂ ಬೆಂಗಳೂರಿನವರೇ, ಹಾಗಾಗಿ ಒಂದು ರೀತಿಯಲ್ಲಿ ಇದು ನಮ್ಮ ಮನೆಯೊಳಗಿನ ವಾದ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. 2018ರ ಸೆಪ್ಟೆಂಬರ್ 26ರ ಇನ್ನೊಂದು ತೀರ್ಪು ಸರ್ಕಾರದ ಸವಲತ್ತುಗಳಿಗೆ ಆಧಾರ್ ಕೇಳಬಹುದು ಅಂದಿತು, ಆದರೆ ಆಧಾರ್ ಇಲ್ಲ ಅನ್ನುವ ಕಾರಣಕ್ಕೆ ಯಾವ ಮಗುವಿಗೂ ಸವಲತ್ತು ತಪ್ಪಬಾರದು ಅಂತಲೂ ಹೇಳಿತು. ಆ ತೀರ್ಪಿನ ಪುಟಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಆ ಭಾಗವನ್ನೇ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 98ನೇ ವಯಸ್ಸಿನಲ್ಲಿ.

ನಾವು ಇಲ್ಲಿ ಕೂತು ಇದನ್ನೆಲ್ಲ ಬದಲಾಯಿಸಲಾರೆವು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್, ಪಾಸ್‌ಪೋರ್ಟ್, ಬ್ಯಾಂಕಿನ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಬಹುದು. ನಮ್ಮಮ್ಮನವು ನಾಲ್ಕರಲ್ಲಿ ಮೂರು ಥರ ಇದ್ದವು, ಒಂದು ಕಡೆ ಸಾವಿತ್ರಿ, ಒಂದು ಕಡೆ ಸಾವಿತ್ರಮ್ಮ, ಇನ್ನೊಂದು ಕಡೆ ಅಪ್ಪನ ಹೆಸರು ಅಂಟಿಸಿಕೊಂಡ ಸಾವಿತ್ರಮ್ಮ. ಆರಾಮಾಗಿರುವಾಗ ತಿದ್ದಿಸುವುದು ಒಂದು ವಾರದ ಓಡಾಟ, ಐಸಿಯು ಹೊರಗೆ ನಿಂತು ತಿದ್ದಿಸಲು ಆಗುವುದಿಲ್ಲ. ಬೆರಳಚ್ಚು ಸವೆದಿದ್ದರೆ ಅದನ್ನೂ ನವೀಕರಿಸಿ. ನಮ್ಮ ಕಡೆ ಕೊಬ್ಬರಿ ಸುಲಿದ ಕೈಗಳನ್ನು ಆ ಯಂತ್ರ ಎಷ್ಟೋ ಸಲ ಕೈಗಳೇ ಅಲ್ಲ ಅನ್ನುತ್ತದೆ. ಇಲ್ಲಿ ಮಕ್ಕಳ ಕ್ಲಿನಿಕ್‌ನ ಫಾರ್ಮಿನಲ್ಲಿ ಸೋಶಿಯಲ್ ಸೆಕ್ಯುರಿಟಿ ಖಾನೆಯನ್ನು ಖಾಲಿ ಬಿಡಿ, ಕೇಳಿದರೆ ಯಾತಕ್ಕೆ ಅಂತ ಕೇಳಿ. ಸರ್ಕಾರಿ ಮಕ್ಕಳ ವಿಮೆಗೆ ಅರ್ಜಿ ಹಾಕುವುದಾದರೆ ಮಗುವಿನ ನಂಬರ್ ಸಾಕು, ಅರ್ಜಿ ಹಾಕದ ಅಪ್ಪ ಅಮ್ಮನದನ್ನು ಕೊಡಲೇಬೇಕೆಂದಿಲ್ಲ.

ಅಮ್ಮನ ಪಾಸ್‌ಪೋರ್ಟ್ ಈ ವರ್ಷ ನವೀಕರಣಕ್ಕೆ ಬಂದಿದೆ. ಸರ್‌ನೇಮ್ ಜಾಗದಲ್ಲಿ ಏನು ಬರೆಸೋಣ ಅಂತ ಕೇಳಿದರೆ, ‘ಎಪ್ಪತ್ತು ವರ್ಷ ಸಾವಿತ್ರಮ್ಮ ಆಗಿದ್ದು ಸಾಲದಾ?’ ಅಂದರು. ಏನೋ ಒಂದು ಬರೆಸಿದರೆ ಆಧಾರ್‌ಗೂ ಇದಕ್ಕೂ ತಾಳೆಯಾಗುವುದಿಲ್ಲ, ಬರೆಸದಿದ್ದರೆ ಇಲ್ಲಿ ಮತ್ತೆ ಎಫ್‌ಎನ್‌ಯು. ಇನ್ನೂ ತೀರ್ಮಾನವಾಗಿಲ್ಲ. ಅಷ್ಟರಲ್ಲಿ ಮಗಳು ಅಜ್ಜಿಯ ಪರ್ಸಿನಲ್ಲಿ ಇಡಲು ಒಂದು ಕಾರ್ಡ್ ಮಾಡುತ್ತಿದ್ದಾಳೆ. ಒಂದು ಬದಿ ಇಂಗ್ಲಿಷ್, ಒಂದು ಬದಿ ಕನ್ನಡ. ಹೆಸರು, ವರ್ಷ, ಬಿಪಿ ಮಾತ್ರೆ, ಆಗದ ಔಷಧಿ, ನಮ್ಮ ಫೋನ್ ನಂಬರ್. ಕನ್ನಡದ ಬದಿಯಲ್ಲಿ ಅರ್ಧಕ್ಕೆ ನಿಂತು ಕೇಳಿದಳು, ‘ಅಮ್ಮ, ಪೆನ್ಸಿಲಿನ್ ಅಂದ್ರೆ ಪೆನ್ಸಿಲ್ ಬರೆದು ಕೊನೆಗೆ ಇನ್ ಸೇರಿಸಿದ್ರೆ ಆಯ್ತಾ?’